ಬಟಾಣಿ ಕಾಳಿನಿಂದ ಬೆಳ್ಳಿತೆರೆಗೆ: 40 ದಾಟಿದ ಮೇಲೆ ಸಿನಿಮಾ ಕಲಿತ ದಾದಾಸಾಹೇಬ್ ಫಾಲ್ಕೆ

ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಿದ್ದು ಕನ್ನಡಿಗರಿಗೆಲ್ಲ ಗೊತ್ತು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೂ 2008ನೇ ಸಾಲಿನಲ್ಲಿ ಇದೇ ಪ್ರಶಸ್ತಿ ಬಂತು. 1969ರಲ್ಲಿ ಈ ಪ್ರಶಸ್ತಿ ಶುರುವಾದಾಗ ಮೊದಲು ಪಡೆದವರು ದೇವಿಕಾ ರಾಣಿ, ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. ಹೀಗೆ ಪ್ರಶಸ್ತಿಯ ಹೆಸರು ನಮ್ಮ ನಾಲಿಗೆ ಮೇಲೆಯೇ ಇದೆ. ಆದರೆ ಆ ಹೆಸರಿನ ಮನುಷ್ಯ ಯಾರು, ಏನು ಮಾಡಿದ ಅಂತ ಕೇಳಿದರೆ, ಮೊದಲ ಸಿನಿಮಾ ತೆಗೆದವರು ಅನ್ನೋದಕ್ಕಿಂತ ಹೆಚ್ಚಿಗೆ ಹೇಳೋರು ಕಡಿಮೆ.

ಈಗ ಫಾಲ್ಕೆ ಕಥೆ ಯಾಕೆ ಅಂದ್ರೆ, ನಮ್ಮ ಸುತ್ತಮುತ್ತ ಹೊಸ ಹೊಸ ಯಂತ್ರಗಳು ಬರ್ತಾನೇ ಇವೆ. ಮದುವೆ ಮನೆಯಲ್ಲಿ ಡ್ರೋನ್ ಹಾರುತ್ತೆ. ಸುತ್ತ ಎಲ್ಲ ಕಡೆಯೂ ಕಾಣುವ 360 ಡಿಗ್ರಿ ಕ್ಯಾಮೆರಾ, ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಲೋಕಕ್ಕೇ ಹೋದಂತಾಗುವ ವಿಆರ್ ಪೆಟ್ಟಿಗೆ, ಬರೆದು ಕೊಟ್ಟರೆ ವಿಡಿಯೋ ಮಾಡಿಕೊಡುವ ಕಂಪ್ಯೂಟರ್, ಎಲ್ಲ ಬಂದಾಗಿದೆ. ಫೋಟೋ ಸ್ಟುಡಿಯೋ ಇಟ್ಟವರು, ರೀಲ್ಸ್ ಮಾಡುವ ಹುಡುಗರು, ಇದನ್ನೆಲ್ಲ ಎಲ್ಲಿ ಕಲಿಯೋದು, ಯಾರು ಕಲಿಸ್ತಾರೆ, ಕೈ ಸುಟ್ಟುಕೊಂಡರೆ ಗತಿ ಏನು ಅಂತ ಯೋಚಿಸ್ತಾ ಇರ್ತಾರೆ. ನೂರು ವರ್ಷಕ್ಕೂ ಹಿಂದೆ ಇದೇ ಪ್ರಶ್ನೆ ಫಾಲ್ಕೆ ಮುಂದೆ ನಿಂತಿತ್ತು. ಆಗ ಕೈಗೆ ಬಂದ ಹೊಸ ಯಂತ್ರದ ಹೆಸರು ಸಿನಿಮಾ.

ಪಂಡಿತರ ಮನೆಯ ಹುಡುಗ

ಧುಂಡಿರಾಜ್ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಹತ್ತಿರದ ತ್ರ್ಯಂಬಕದಲ್ಲಿ. ನಮ್ಮ ಕಡೆಯವರೂ ಜ್ಯೋತಿರ್ಲಿಂಗ ಯಾತ್ರೆಗೆ ಹೋಗುವ ಅದೇ ತ್ರ್ಯಂಬಕೇಶ್ವರ. ತಂದೆ ಸಂಸ್ಕೃತ ಪಂಡಿತರು. ಅವರಿಗೆ ಮುಂಬೈನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಮನೆಯವರೆಲ್ಲ ಮುಂಬೈಗೆ ಬಂದರು. ಹುಡುಗನ ಮನಸ್ಸು ಮಾತ್ರ ಶಾಸ್ತ್ರಕ್ಕಿಂತ ಬಣ್ಣ, ಕುಂಚದ ಕಡೆ. 1885ರಲ್ಲಿ ಜೆ.ಜೆ. ಕಲಾಶಾಲೆ ಸೇರಿ ಚಿತ್ರ ಬರೆಯೋದು ಕಲಿತರು. ಆಮೇಲೆ ಬರೋಡಾದ ಕಲಾಭವನ. ಅಲ್ಲಿ ಎಣ್ಣೆ ಬಣ್ಣ, ನೀರು ಬಣ್ಣ, ಮೂರ್ತಿ ಮಾಡುವುದು, ಕಟ್ಟಡದ ನಕ್ಷೆ ಹಾಕುವುದು. ಒಂದು ಸ್ಟಿಲ್ ಕ್ಯಾಮೆರಾ ಕೊಂಡು ಫೋಟೋ ತೆಗೆಯುವುದು, ಕತ್ತಲೆ ಕೋಣೆಯಲ್ಲಿ ತೊಳೆಯುವುದು, ಪ್ರಿಂಟ್ ಹಾಕುವುದು ಎಲ್ಲ ಕಲಿತರು. ರತ್ಲಾಮಿಗೆ ಹೋಗಿ ಮೂರು ಬಣ್ಣದ ಬ್ಲಾಕ್ ಮಾಡುವ ಕೆಲಸವನ್ನೂ ಕೈವಶ ಮಾಡಿಕೊಂಡರು.

ಕಲಿತಷ್ಟೂ ಕಸುಬು, ಆದರೆ ಕೈಯಲ್ಲಿ ಕಾಸಿಲ್ಲ. ಗುಜರಾತಿನ ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಹಾಕಿದರು. 1900ರ ಪ್ಲೇಗು ಹೆಂಡತಿಯನ್ನೂ ಮಗುವನ್ನೂ ಕೊಂಡೊಯ್ದಿತು. ಮನಸ್ಸು ಮುರಿದು ಬರೋಡಾಕ್ಕೆ ವಾಪಸ್ ಬಂದು ಮತ್ತೆ ಸ್ಟುಡಿಯೋ ಶುರು ಮಾಡಿದರೆ, ಊರ ಜನ ಹತ್ತಿರ ಬರಲಿಲ್ಲ. ಕ್ಯಾಮೆರಾ ಮನುಷ್ಯನ ಶಕ್ತಿ ಹೀರಿಕೊಳ್ಳುತ್ತೆ, ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆ ಆಗುತ್ತೆ ಅಂತ ಹೆದರಿಕೆ. ಹೊಸ ಯಂತ್ರ ಬಂದಾಗಲೆಲ್ಲ ಇಂಥ ಮಾತು ಹುಟ್ಟೋದು ಇದೇ ಮೊದಲೂ ಅಲ್ಲ, ಕೊನೆಯೂ ಅಲ್ಲ.

ಈ ನಡುವೆ ಫಾಲ್ಕೆ ಜಾದೂ ಕೂಡ ಕಲಿತರು. ತಮ್ಮ ಹೆಸರನ್ನೇ ತಿರುಗು ಮುರುಗು ಮಾಡಿ ಪ್ರೊಫೆಸರ್ ಕೇಲ್ಫಾ ಅಂತ ಇಟ್ಟುಕೊಂಡು ಆಟ ತೋರಿಸ್ತಿದ್ದರು. 1902ರಲ್ಲಿ ಎರಡನೇ ಮದುವೆ ಆಯಿತು. ಹೆಂಡತಿಯ ಹೆಸರು ಸರಸ್ವತೀಬಾಯಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯಲ್ಲಿ ಅರ್ಧ ಭಾರ ಹೊತ್ತವರು ಇವರೇ.

ಕೈಬಿಟ್ಟ ಪ್ರೆಸ್ಸು

1903ರಲ್ಲಿ ಪುರಾತತ್ವ ಇಲಾಖೆಯಲ್ಲಿ ಫೋಟೋ ತೆಗೆಯುವ, ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಸರ್ಕಾರಿ ನೌಕರಿ, ತಿಂಗಳಿಗೆ ಸರಿಯಾಗಿ ಸಂಬಳ. ಆದರೆ ಅದು ಸ್ವದೇಶಿ ಚಳವಳಿಯ ಕಾಲ. ಸ್ವಂತ ಉದ್ಯಮ ಕಟ್ಟಬೇಕು ಅಂತ ಫಾಲ್ಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಲೋಣಾವಳದಲ್ಲಿ ಪಾಲುದಾರರ ಜೊತೆ ಮುದ್ರಣದ ಕೆಲಸ ಶುರು ಮಾಡಿದರು. ರಾಜಾ ರವಿವರ್ಮರ ಪ್ರೆಸ್ಸಿಗೆ ಕೆಲಸ ಮಾಡಿಕೊಟ್ಟರು. ನಮ್ಮ ಹಳೇ ಮನೆಗಳ ದೇವರ ಕೋಣೆಯಲ್ಲಿ, ಅಂಗಡಿಗಳ ಗಲ್ಲಾಪೆಟ್ಟಿಗೆ ಮೇಲೆ ಇವತ್ತಿಗೂ ಕಾಣುವ ಲಕ್ಷ್ಮಿ, ಸರಸ್ವತಿ ಪಟಗಳ ಪರಂಪರೆ ಇದೆಯಲ್ಲ, ಆ ಪಟ ಅಚ್ಚಾಗುವ ಜಾಗದಲ್ಲಿ ಫಾಲ್ಕೆ ಕೈ ಪಳಗಿತು. ಆಮೇಲೆ ಪ್ರೆಸ್ಸು ದಾದರಿಗೆ ಬಂತು. 1909ರಲ್ಲಿ ಬಣ್ಣದ ಮುದ್ರಣದ ಯಂತ್ರಕ್ಕಾಗಿ ಜರ್ಮನಿಗೂ ಹೋಗಿ ಬಂದರು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೆ ಪಾಲುದಾರರ ಜೊತೆ ಮನಸ್ತಾಪ ಬಂದು ಫಾಲ್ಕೆ ಬರಿಗೈಯಲ್ಲಿ ಹೊರಬಂದರು. ವಯಸ್ಸು ಆಗಲೇ 40 ದಾಟಿತ್ತು.

ಟೆಂಟಿನಲ್ಲಿ ಕಂಡ ಏಸು

1911ರ ಏಪ್ರಿಲ್. ಗಿರ್‌ಗಾಂವ್‌ನ ಒಂದು ಟೆಂಟ್ ಚಿತ್ರಮಂದಿರಕ್ಕೆ ಫಾಲ್ಕೆ ಮಗನನ್ನು ಕರೆದುಕೊಂಡು ಹೋದರು. ಮರುದಿನ ಹೆಂಡತಿಯನ್ನೂ ಕರೆದುಕೊಂಡು ಹೋದಾಗ ಈಸ್ಟರ್ ಹಬ್ಬಕ್ಕೆ ಅಂತ ಏಸುಕ್ರಿಸ್ತನ ಜೀವನದ ಚಿತ್ರ ಹಾಕಿದ್ದರು. ತೆರೆಯ ಮೇಲೆ ಏಸು ನಡೆದಾಡ್ತಾ ಇದ್ದರೆ ಫಾಲ್ಕೆ ಕಣ್ಣಿಗೆ ಕಂಡದ್ದು ರಾಮ, ಕೃಷ್ಣ, ಅಯೋಧ್ಯೆ, ಗೋಕುಲ. ನಮ್ಮ ದೇವರು, ನಮ್ಮ ಕಥೆಗಳು ಹೀಗೆ ತೆರೆ ಮೇಲೆ ಬರಬಾರದಾ ಅನ್ನುವ ಯೋಚನೆ ಆ ರಾತ್ರಿ ತಲೆಗೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ.

ಭಾರತಕ್ಕೆ ಸಿನಿಮಾ ಬಂದು ಆಗಲೇ 15 ವರ್ಷ ಆಗಿತ್ತು. 1896ರ ಜುಲೈ 7ರಂದು ಮುಂಬೈನ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳು ಮೊದಲು ಓಡಿದ್ದವು. ಜನ ನೋಡ್ತಿದ್ದರು. ಆದರೆ ಕಥೆ ಕಟ್ಟಿ, ಇಲ್ಲಿಯೇ ತೆಗೆದು, ಇಲ್ಲಿಯೇ ತೊಳೆದು, ಪೂರ್ತಿ ಚಿತ್ರ ಮಾಡುವ ವಿದ್ಯೆ ಇಲ್ಲಿ ಯಾರೂ ಕೈವಶ ಮಾಡಿಕೊಂಡಿರಲಿಲ್ಲ. ಕಲಿಸುವ ಶಾಲೆಯೂ ಇಲ್ಲ, ಗುರುವೂ ಇಲ್ಲ.

ಫಾಲ್ಕೆ ಮಾಡಿದ್ದು ಮೂರು ಕೆಲಸ. ಸಿಕ್ಕ ಸಿಕ್ಕ ಪುಸ್ತಕ, ಬೆಲೆಪಟ್ಟಿ ತರಿಸಿ ಓದಿದರು. ಸಂಜೆಯಾದರೆ ಚಿತ್ರಮಂದಿರಕ್ಕೆ ಹೋಗಿ ಗಂಟೆಗಟ್ಟಲೆ ಕೂತು, ಕಥೆ ನೋಡದೆ ಹೇಗೆ ತೆಗೆದಿದ್ದಾರೆ ಅನ್ನೋದನ್ನು ನೋಡಿದರು. ಮನೆಗೆ ಬಂದು ಸಣ್ಣ ಕ್ಯಾಮೆರಾ ಮತ್ತು ಫಿಲಂ ತುಂಡುಗಳನ್ನು ಇಟ್ಟುಕೊಂಡು ರಾತ್ರಿಯೆಲ್ಲ ಪ್ರಯೋಗ ಮಾಡಿದರು. ನಿದ್ದೆ ಇಲ್ಲ, ವಿಶ್ರಾಂತಿ ಇಲ್ಲ. ಕಡೆಗೆ ಕಣ್ಣೇ ಕಾಣದ ಹಾಗಾಯಿತು. ಡಾಕ್ಟರರ ಚಿಕಿತ್ಸೆಯಿಂದ, ಹಲವು ಕನ್ನಡಕಗಳ ಸಹಾಯದಿಂದ ದೃಷ್ಟಿ ಮರಳಿತು. ಕಣ್ಣು ಬಂದ ಕೂಡಲೇ ಮತ್ತೆ ಅದೇ ಕೆಲಸ! ಮನೆಯ ಸಾಮಾನು ಒಂದೊಂದಾಗಿ ಮಾರಾಟಕ್ಕೆ ಹೋಗ್ತಾ ಇತ್ತು. ನೆಂಟರಿಷ್ಟರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡರು.

ವಿಮಾ ಪಾಲಿಸಿ ಅಡವಿಟ್ಟು ಲಂಡನ್‌ಗೆ

ಸರಿಯಾದ ಯಂತ್ರ ಇಲ್ಲದೆ ಮುಂದೆ ಹೋಗೋಕೆ ಆಗಲ್ಲ ಅಂತ ಗೊತ್ತಾದಾಗ ಫಾಲ್ಕೆ ತಮ್ಮ ವಿಮಾ ಪಾಲಿಸಿಗಳನ್ನು ಅಡವಿಟ್ಟು ಸಾಲ ತೆಗೆದರು. ಸಂಸಾರಸ್ಥ ಮನುಷ್ಯ ಕಡೆಗಾಲಕ್ಕೆ ಅಂತ ಇಟ್ಟ ಗಂಟು ಅದು. ಅಂಗಡಿ ನಡೆಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 1912ರ ಫೆಬ್ರವರಿಯಲ್ಲಿ ಹಡಗು ಹತ್ತಿ ಲಂಡನ್ ಮುಟ್ಟಿದರು.

ಅಲ್ಲಿ ಪರಿಚಯದವರು ಯಾರೂ ಇಲ್ಲ. ಮುಂಬೈಯಲ್ಲಿ ತರಿಸಿ ಓದುತ್ತಿದ್ದ ಬಯೋಸ್ಕೋಪ್ ಅನ್ನುವ ಸಿನಿಮಾ ವಾರಪತ್ರಿಕೆಯ ಕಚೇರಿಗೆ ನೇರವಾಗಿ ಹೋದರು. ಅದರ ಸಂಪಾದಕ ಕೇಬರ್ನ್, ಇದು ಕಷ್ಟದ ದಂಧೆ, ಇಂಗ್ಲೆಂಡಿನಲ್ಲೇ ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ ಅಂತ ಬುದ್ಧಿ ಹೇಳಿದರು. ಈತ ಹಿಂದೆ ಸರಿಯೋನಲ್ಲ ಅಂತ ಗೊತ್ತಾದ ಮೇಲೆ ಅವರೇ ಸಹಾಯಕ್ಕೆ ನಿಂತರು. ಹೆಸರಾಂತ ನಿರ್ಮಾಪಕ ಸೆಸಿಲ್ ಹೆಪ್‌ವರ್ತ್ ಅವರ ವಾಲ್ಟನ್ ಸ್ಟುಡಿಯೋಗೆ ಪರಿಚಯ ಮಾಡಿಕೊಟ್ಟರು. ಸ್ಟುಡಿಯೋದ ಒಳಗೆಲ್ಲ ಓಡಾಡಿ ನೋಡಲು, ಕೆಲಸ ಅರಿತುಕೊಳ್ಳಲು ಹೆಪ್‌ವರ್ತ್ ಅವಕಾಶ ಕೊಟ್ಟರು. ಫಾಲ್ಕೆ 50 ಪೌಂಡ್ ಕೊಟ್ಟು ವಿಲಿಯಮ್ಸನ್ ಕ್ಯಾಮೆರಾ ಕೊಂಡು, ಕೊಡಕ್ ಕಚ್ಚಾ ಫಿಲಂ ಮತ್ತು ಫಿಲಮ್ಮಿಗೆ ತೂತು ಹೊಡೆಯುವ ಯಂತ್ರಕ್ಕೆ ಆರ್ಡರ್ ಹಾಕಿದರು. ಅಲ್ಲಿ ಇದ್ದದ್ದು ಎರಡೇ ವಾರ. ಇಷ್ಟು ಕಡಿಮೆ ದಿನ ಸಾಕಾಗಿದ್ದು ಯಾಕೆ ಅಂದ್ರೆ, ಹೋಗುವ ಮೊದಲೇ ಫೋಟೋ, ಕತ್ತಲೆ ಕೋಣೆ, ಬಣ್ಣ, ಅಚ್ಚು, ಜಾದೂ ಎಲ್ಲ ಕೈಯಲ್ಲಿ ಇತ್ತು. ಏನು ಗೊತ್ತಿಲ್ಲ ಅನ್ನೋದೂ ಗೊತ್ತಿತ್ತು. ಕೇಳಬೇಕಾದ್ದನ್ನು ಮಾತ್ರ ಕೇಳಿಕೊಂಡು ಬಂದರು. 1912ರ ಏಪ್ರಿಲ್ 1ರಂದು ಫಾಲ್ಕೆ ಫಿಲಂಸ್ ಕಂಪನಿ ಹುಟ್ಟಿತು.

ಕುಂಡದಲ್ಲಿ ಬೆಳೆದ ಮೊದಲ ಚಿತ್ರ

ಯಂತ್ರ ಬಂತು, ಆದರೆ ದುಡ್ಡು ಮುಗಿದಿತ್ತು. ಸಾಲ ಕೊಡುವವರು ನಂಬಬೇಕಲ್ಲ? ದೊಡ್ಡ ಕಥೆಗೆ ಕೈ ಹಾಕದೆ ಫಾಲ್ಕೆ ಒಂದು ಕುಂಡದಲ್ಲಿ ಬಟಾಣಿ ಕಾಳು ಹಾಕಿದರು. ಎದುರಿಗೆ ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿದರು. ದಿನವೂ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆಯುತ್ತಾ ಬಂದರು. ತಿಂಗಳು ದಾಟಿದ ಮೇಲೆ ಫಿಲಂ ತೊಳೆದು ಓಡಿಸಿದಾಗ ಮಣ್ಣು ಸೀಳಿ ಮೊಳಕೆ ಬಂದು, ಎಲೆ ಬಿಚ್ಚಿ, ಬಳ್ಳಿ ಹಬ್ಬುವುದೆಲ್ಲ ಒಂದೇ ನಿಮಿಷದಲ್ಲಿ ಕಣ್ಣ ಮುಂದೆ ನಡೆದುಹೋಯಿತು. ನೋಡಿದವರಿಗೆ ಇದು ಜಾದೂವೇ. ಅದನ್ನು ನೋಡಿದ ಮೇಲೆಯೇ ಸಾಲ ಹುಟ್ಟಿತು. ಅದೂ ಸಾಲದೆ ಸರಸ್ವತೀಬಾಯಿ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು.

ಆಕೆ ಕೊಟ್ಟದ್ದು ಒಡವೆ ಮಾತ್ರ ಅಲ್ಲ. ಕಚ್ಚಾ ಫಿಲಂ ಆಗ ಬರಿ ಪಟ್ಟಿಯಾಗಿ ಬರುತ್ತಿತ್ತು. ಕ್ಯಾಮೆರಾದ ಹಲ್ಲುಗಳು ಅದನ್ನು ಎಳೆಯಬೇಕಾದರೆ ಎರಡೂ ಅಂಚಿಗೆ ಸಮ ಅಂತರದಲ್ಲಿ ತೂತು ಇರಬೇಕು. ಬೆಳಕು ಬಿದ್ದರೆ ಫಿಲಂ ಹಾಳು, ಹಾಗಾಗಿ ಕತ್ತಲೆಯಲ್ಲೇ ಕೈಯಂದಾಜಿನಲ್ಲಿ ಈ ಕೆಲಸ ಆಗಬೇಕು. ಹಗಲೆಲ್ಲ ಮನೆಗೆಲಸ, ಮಕ್ಕಳು, ಕಂಪನಿಯವರಿಗೆಲ್ಲ ಅಡುಗೆ ಮುಗಿಸಿ, ರಾತ್ರಿ ಸರಸ್ವತೀಬಾಯಿ ಈ ತೂತು ಹೊಡೆಯುವ ಯಂತ್ರದ ಮುಂದೆ ಕೂರುತ್ತಿದ್ದರು. ಫಿಲಂ ತೊಳೆಯುವ ರಾಸಾಯನಿಕ ಬೆರೆಸುವುದನ್ನು ಕಲಿತರು. ಶೂಟಿಂಗ್ ವೇಳೆ ಬಿಸಿಲು ನಟರ ಮುಖಕ್ಕೆ ಬೀಳಲಿ ಅಂತ ಬಿಳಿ ಬಟ್ಟೆ ಹಿಡಿದು ನಿಲ್ಲುತ್ತಿದ್ದರು. ಈಗ ಸ್ಟುಡಿಯೋದವರು ರಿಫ್ಲೆಕ್ಟರ್ ಹಿಡಿಯುತ್ತಾರಲ್ಲ, ಆ ಕೆಲಸ.

ರಾಜಾ ಹರಿಶ್ಚಂದ್ರ

ಕಥೆ ಹರಿಶ್ಚಂದ್ರನದು ಅಂತ ಆಯಿತು. ದಾದರಿನ ಬಂಗಲೆಯಲ್ಲಿ ಸೆಟ್ ಎದ್ದಿತು. ರಾಜನ ಪಾತ್ರಕ್ಕೆ ದಾಬ್ಕೆ ಸಿಕ್ಕರು. ಮಗ ರೋಹಿದಾಸನ ಪಾತ್ರಕ್ಕೆ ಫಾಲ್ಕೆ ಮಗನೇ ಭಾಲಚಂದ್ರ. ತೊಂದರೆ ಬಂದದ್ದು ತಾರಾಮತಿಗೆ. ಸಿನಿಮಾದಲ್ಲಿ ಮುಖ ತೋರಿಸೋಕೆ ಯಾವ ಹೆಣ್ಣುಮಗಳೂ ಒಪ್ಪಲಿಲ್ಲ. ಕಡೆಗೆ ಗ್ರ್ಯಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಅನ್ನುವ ಹುಡುಗನ ಸಪೂರ ಮೈಕಟ್ಟು, ಕೈ ಬೆರಳು ಫಾಲ್ಕೆ ಕಣ್ಣಿಗೆ ಬಿತ್ತು. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ, ಇಲ್ಲಿ 15. ಭಾರತದ ಮೊದಲ ಸಿನಿಮಾ ನಾಯಕಿ ಹೀಗೆ ಒಬ್ಬ ಗಂಡಸು! ಸ್ತ್ರೀ ಪಾತ್ರಕ್ಕೆ ಮೀಸೆ ಬೋಳಿಸಬೇಕು ಅಂದಾಗ, ತಂದೆ ಬದುಕಿರುವಾಗ ಮೀಸೆ ತೆಗೆಯೋದು ಹೇಗೆ ಅಂತ ನಟರು ತಕರಾರು ಮಾಡಿದರಂತೆ.

ಆಗಿನ ಕ್ಯಾಮೆರಾ ಕರೆಂಟಿನಲ್ಲಿ ಓಡುವುದಲ್ಲ. ಹಿಡಿಕೆ ಹಿಡಿದು ಕೈಯಿಂದ ಒಂದೇ ಸಮ ತಿರುಗಿಸಬೇಕು. ವೇಗ ಹೆಚ್ಚು ಕಡಿಮೆ ಆದರೆ ತೆರೆ ಮೇಲೆ ಮನುಷ್ಯರು ಕುಣಿದಾಡಿದಂತೆ ಕಾಣುತ್ತಾರೆ. ಚಿತ್ರ ಮುಗಿಯಲು ತಗುಲಿದ್ದು ಆರು ತಿಂಗಳು 27 ದಿನ. ಉದ್ದ ಸುಮಾರು 3,700 ಅಡಿ. 1913ರ ಏಪ್ರಿಲ್ 21ರಂದು ಒಲಿಂಪಿಯಾ ಥಿಯೇಟರಿನಲ್ಲಿ ಆಹ್ವಾನಿತರಿಗೆ ತೋರಿಸಿ, ಮೇ 3ರಂದು ಗಿರ್‌ಗಾಂವ್‌ನ ಕೊರೊನೇಶನ್ ಚಿತ್ರಮಂದಿರದಲ್ಲಿ ಬಿಡುಗಡೆ ಮಾಡಿದರು. ಜನ ಮುಗಿಬಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. 1912ರ ಮೇ ತಿಂಗಳಲ್ಲೇ ದಾದಾಸಾಹೇಬ್ ತೋರ್ಣೆ ಅವರ ಪುಂಡಲೀಕ ತೆರೆ ಕಂಡಿತ್ತು. ಆದರೆ ಅದು ರಂಗದ ಮೇಲೆ ನಡೆದ ನಾಟಕವನ್ನು ತೆಗೆದ ಚಿತ್ರ. ಕ್ಯಾಮೆರಾ ಹಿಡಿದವರು ಬ್ರಿಟಿಷರು, ಫಿಲಂ ತೊಳೆದದ್ದು ಲಂಡನ್‌ನಲ್ಲಿ. ಎಲ್ಲ ಕೆಲಸವೂ ನಮ್ಮವರ ಕೈಯಲ್ಲೇ ನಡೆದ ಪೂರ್ಣ ಕಥಾಚಿತ್ರ ಅಂತ ರಾಜಾ ಹರಿಶ್ಚಂದ್ರಕ್ಕೆ ಮೊದಲ ಸ್ಥಾನ.

ವ್ಯಾಪಾರಸ್ಥರು ಇಷ್ಟಪಡುವ ಒಂದು ಪ್ರಸಂಗವೂ ಇದೆ. ಚಿತ್ರ ಸೂರತ್‌ಗೆ ಹೋದಾಗ ಮೊದಲ ದಿನ ಗಲ್ಲಾದಲ್ಲಿ ಬಿದ್ದದ್ದು ಮೂರೇ ರೂಪಾಯಿಯಂತೆ. ಅಲ್ಲಿ ಎರಡು ಆಣೆಗೆ ಆರು ಗಂಟೆ ನಾಟಕ ನೋಡಬಹುದಿತ್ತು. ಅಷ್ಟು ಬೇಗ ಮುಗಿಯುವ ಆಟಕ್ಕೆ ಯಾರು ಬರ್ತಾರೆ? ಟಿಕೆಟ್ ಇಳಿಸಿ ಅಂದರು. ಫಾಲ್ಕೆ ಇಳಿಸಲಿಲ್ಲ. 57 ಸಾವಿರ ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ, ಎಲ್ಲ ಸೇರಿ ಮೂರೇ ಆಣೆ ಅಂತ ಜಾಹೀರಾತು ಹೊಡೆಸಿದರು. 3,700 ಅಡಿ ಅಂದ್ರೆ ಮುಕ್ಕಾಲು ಮೈಲಿಯೂ ಆಗಲ್ಲ ಅಂತ ಲೆಕ್ಕ ಹಾಕುತ್ತಾ ಕೂರೋರು ಯಾರು? ಗಿರಾಕಿಗೆ ತನ್ನ ಅಳತೆಯಲ್ಲೇ ಲೆಕ್ಕ ಸಿಕ್ಕಿತು, ಜನ ಬಂದರು.

ಕಲಿತದ್ದನ್ನು ತೋರಿಸಿಕೊಟ್ಟರು

ಮುಂದೆ ನಾಸಿಕ್‌ಗೆ ಹೋಗಿ ಫಾಲ್ಕೆ ಒಂದರ ಮೇಲೊಂದು ಚಿತ್ರ ಮಾಡಿದರು. 1913ರ ಮೋಹಿನಿ ಭಸ್ಮಾಸುರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು. ಒಂದೇ ವರ್ಷದಲ್ಲಿ ಹೆಣ್ಣುಮಕ್ಕಳು ತೆರೆಗೆ ಬಂದಾಯಿತು. 1917ರ ಲಂಕಾ ದಹನದಲ್ಲಿ ಸಾಳುಂಕೆಯೇ ರಾಮ, ಸಾಳುಂಕೆಯೇ ಸೀತೆ. ಆ ಚಿತ್ರದ ಕಲೆಕ್ಷನ್ ನಾಣ್ಯಗಳನ್ನು ಮೂಟೆ ಕಟ್ಟಿ, ಪೊಲೀಸ್ ಕಾವಲಿನಲ್ಲಿ ಎತ್ತಿನ ಗಾಡಿಯಲ್ಲಿ ಸಾಗಿಸಿದರು ಅಂತ ಹೇಳ್ತಾರೆ. 1919ರ ಕಾಳಿಯ ಮರ್ದನದಲ್ಲಿ ಮಗಳು ಮಂದಾಕಿನಿಯೇ ಬಾಲಕೃಷ್ಣ.

ದೇವರು ಮಾಯವಾಗುವುದು, ಹನುಮಂತ ಹಾರುವುದು ಇವೆಲ್ಲ ಹೇಗೆ? ಹಳೇ ಜಾದೂ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ಕ್ಯಾಮೆರಾ ನಿಲ್ಲಿಸಿ ನಟನನ್ನು ಪಕ್ಕಕ್ಕೆ ಸರಿಸಿ ಮತ್ತೆ ತಿರುಗಿಸಿದರೆ ತೆರೆ ಮೇಲೆ ಆತ ಮಾಯ. ಒಂದೇ ಫಿಲಂ ಮೇಲೆ ಎರಡು ಸಲ ಚಿತ್ರ ತೆಗೆದರೆ ಒಂದರೊಳಗೆ ಇನ್ನೊಂದು. ಬೆಂಕಿಕಡ್ಡಿಗಳನ್ನು ಒಂದಿಷ್ಟೊಂದಿಷ್ಟೇ ಸರಿಸಿ ಚಿತ್ರ ತೆಗೆದು, ಅವು ತಾವೇ ಆಟ ಆಡುವಂತೆ ಮಾಡಿದ ಸಣ್ಣ ಚಿತ್ರವನ್ನೂ ಮಾಡಿದರು. ಇಷ್ಟೇ ಅಲ್ಲ, ಸಿನಿಮಾ ಹೇಗೆ ತಯಾರಾಗುತ್ತೆ ಅನ್ನೋದರ ಮೇಲೆಯೇ ಒಂದು ಚಿತ್ರ ತೆಗೆದರು. ನಟರಿಗೆ ಹೇಳಿಕೊಡುವುದು, ಫಿಲಂ ಕತ್ತರಿಸಿ ಜೋಡಿಸುವುದು ಅದರಲ್ಲಿ ಇದೆ. ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳದೆ ನಾಲ್ಕು ಜನಕ್ಕೆ ತೋರಿಸಿದ ಮನುಷ್ಯ.

ಮಾತು ಬಂದಾಗ

1918ರಲ್ಲಿ ಹಣವಂತರ ಜೊತೆ ಸೇರಿ ಹಿಂದೂಸ್ತಾನ್ ಸಿನಿಮಾ ಫಿಲಂಸ್ ಕಂಪನಿ ಆಯಿತು. ಅಲ್ಲಿಯೂ ಪಾಲುದಾರರ ಜೊತೆ ಜಗಳ. ಬೇಸತ್ತು ಸಂಸಾರ ಸಮೇತ ಕಾಶಿಗೆ ಹೋಗಿ ಕೂತರು, ಅಲ್ಲಿ ಒಂದು ನಾಟಕ ಬರೆದರು. ಕೆಲವು ವರ್ಷದ ಮೇಲೆ ಮತ್ತೆ ಅದೇ ಕಂಪನಿಗೆ ಬಂದರು. ಕೆಲಸ ಬಲ್ಲವರು, ಆದರೆ ಪಾಲುದಾರಿಕೆ ನಡೆಸುವುದು ಅವರಿಗೆ ಕಡೆಯವರೆಗೂ ಒಗ್ಗಲಿಲ್ಲ.

1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ ಆಲಂ ಆರಾ ಬಂತು. ಅದೇ ಹೊತ್ತಿಗೆ ಫಾಲ್ಕೆ ತಯಾರಿಸುತ್ತಿದ್ದ ಸೇತುಬಂಧನ ಮೂಕಿ ಚಿತ್ರ. 1932ರ ಹೊತ್ತಿಗೆ ಮೂಕಿಯನ್ನು ಕೇಳುವವರೇ ಇಲ್ಲ. ಆಮೇಲೆ ಅದಕ್ಕೆ ಧ್ವನಿ ಸೇರಿಸಿದರೂ ಕಾಲ ಮಿಂಚಿತ್ತು. 1937ರಲ್ಲಿ ಕೊಲ್ಹಾಪುರದ ಕಂಪನಿಯೊಂದಕ್ಕೆ ಗಂಗಾವತರಣ ಮಾಡಿಕೊಟ್ಟರು. ಅವರು ಮಾತಿನ ಚಿತ್ರವಾಗಿಯೇ ತೆಗೆದದ್ದು ಅದೊಂದೇ. ಅದೇ ಕಡೆಯದೂ ಆಯಿತು. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ತಯಾರಾಗಿ 1934ರಲ್ಲಿ ಬಂದದ್ದೂ ಅದೇ ಕೊಲ್ಹಾಪುರದಿಂದ. ಒಂದು ಕಡೆ ಹೊಸಬರು ಮಾತು ಕಲಿತು ಮುಂದೆ ಹೋಗ್ತಾ ಇದ್ದರು, ಇನ್ನೊಂದು ಕಡೆ ದಾರಿ ಹಾಕಿಕೊಟ್ಟ ಹಿರಿಯರು ಹಿಂದೆ ಉಳಿದರು.

41ನೇ ವಯಸ್ಸಿನಲ್ಲಿ ಕಣ್ಣು ಕಳೆದುಕೊಳ್ಳುವಷ್ಟು ಕಲಿತವರಿಗೆ 60 ದಾಟಿದ ಮೇಲೆ ಮತ್ತೆ ಮೊದಲಿಂದ ಕಲಿಯಬೇಕಾಗಿ ಬಂತು. ಈ ಸಲ ಅಡವಿಡೋಕೆ ಪಾಲಿಸಿಯೂ ಇಲ್ಲ, ಒಡವೆಯೂ ಇಲ್ಲ, ಮೈಯಲ್ಲಿ ಆ ಕಸುವೂ ಇಲ್ಲ. ತಪ್ಪು ಅಂತ ಹೇಳೋಕೆ ಆಗಲ್ಲ, ಆದರೆ ಪಾಠ ಅಂತೂ ಹೌದು. 90ಕ್ಕೂ ಹೆಚ್ಚು ಕಥಾಚಿತ್ರ ಮಾಡಿದ ಫಾಲ್ಕೆ 1944ರ ಫೆಬ್ರವರಿ 16ರಂದು ನಾಸಿಕ್‌ನಲ್ಲಿ ತೀರಿಕೊಂಡರು. ಚಿತ್ರರಂಗ ಅಷ್ಟು ಹೊತ್ತಿಗೆ ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ಅವರ ಚಿತ್ರಗಳಲ್ಲಿ ಹೆಚ್ಚಿನವು ಈಗ ಇಲ್ಲ, ಉಳಿದಿರುವುದು ಕೆಲವು ತುಂಡುಗಳು.

ನಮ್ಮೂರಿನ ಹುಡುಗರಿಗೆ

ಹೊಸ ಕ್ಯಾಮೆರಾ, ವಿಆರ್, ಎಐ ಅಂತ ಮನೆಯಲ್ಲಿ ಹುಡುಗ ಅಥವಾ ಹುಡುಗಿ ಹೇಳಿದರೆ, ಕೂಡಲೇ ಲಕ್ಷದ ಯಂತ್ರಕ್ಕೆ ಸಾಲ ಮಾಡಬೇಕಾಗಿಲ್ಲ, ಗದರಿಸಿ ಕೂರಿಸಬೇಕಾಗಿಯೂ ಇಲ್ಲ. ಫಾಲ್ಕೆ ಹಾದಿ ಸರಳ. ಇರುವ ಯಂತ್ರದಲ್ಲಿ ಸಣ್ಣ ಕೆಲಸ ಮಾಡಿ ಮುಗಿಸು, ನಾಲ್ಕು ಜನಕ್ಕೆ ತೋರಿಸು, ಅವರು ಮೆಚ್ಚಿದ ಮೇಲೆ ದೊಡ್ಡದಕ್ಕೆ ಕೈ ಹಾಕು. ಮೊಳಕೆ ಒಡೆಯುವ ಬಟಾಣಿಯನ್ನು ಈಗ ಯಾವ ಮೊಬೈಲಿನಲ್ಲಾದರೂ ತೆಗೆಯಬಹುದು. ಫೋನನ್ನು ಅಲುಗದಂತೆ ಒಂದೇ ಜಾಗದಲ್ಲಿ ಇಟ್ಟು, ದಿನಾ ಒಂದೇ ಹೊತ್ತಿಗೆ ತಪ್ಪದೆ ಚಿತ್ರ ತೆಗೆಯಬೇಕು. ಹತ್ತು ದಿನ ಈ ತಾಳ್ಮೆ ಇಟ್ಟುಕೊಂಡವರಿಗೆ ಯಂತ್ರ ಕಲಿಯೋದು ಕಷ್ಟ ಅಲ್ಲ.

ಇನ್ನೊಂದು ವಿಷಯ. ಯಾರಾದರೂ ಹೊಸದನ್ನು ಕಲಿಯುತ್ತಾ ಇದ್ದರೆ ಅದರ ಖರ್ಚು ಆ ಮನೆಯಲ್ಲಿ ಬೇರೆ ಯಾರೋ ಹೊರುತ್ತಾ ಇರುತ್ತಾರೆ. ಪ್ರತಿ ವರ್ಷ ದೆಹಲಿಯಲ್ಲಿ ಪ್ರಶಸ್ತಿ ಕೊಡುವಾಗ ಕೂಗುವುದು ಫಾಲ್ಕೆ ಹೆಸರೊಂದನ್ನೇ. ಆದರೆ ಆ ಮೊದಲ ಚಿತ್ರದ ಫಿಲಂ ಕ್ಯಾಮೆರಾದೊಳಗೆ ಓಡಿದ್ದು, ಕತ್ತಲೆ ಕೋಣೆಯಲ್ಲಿ ಕೂತು ಸರಸ್ವತೀಬಾಯಿ ಹೊಡೆದ ತೂತುಗಳ ಮೇಲೆ.